ಲಿಬರೇಟರ್ ಮಾಡೆಲ್ ಬಾಲದ ಮೇಲೆ ಕೂತಿದೆ, ಈಗೇನು ಮಾಡೋದು?

ಪ್ರಶ್ನೆ: ನಾನು ಮಂಗಳೂರಿನವನು, ಬ್ಯಾಂಕ್ ಕೆಲಸ. 1/72 ಅಳತೆಯ ಬಿ-24 ಲಿಬರೇಟರ್ ಬಾಂಬರ್ ಕಿಟ್ ತರಿಸಿ ಕಟ್ಟುತ್ತಿದ್ದೇನೆ. ನಮ್ಮಜ್ಜ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದರು. ಕಾನ್ಪುರದಿಂದ ಬಂದ ಲಿಬರೇಟರ್‌ಗಳ ಮೇಲೆ ಕೆಲಸ ಮಾಡಿದ್ದರು ಅಂತ ಅಪ್ಪ ಹೇಳುತ್ತಿರುತ್ತಾರೆ. ಹಾಗಾಗಿ ನಮ್ಮ ವಾಯುಪಡೆಯ ಗುರುತು ಹಾಕಿ ಅಪ್ಪನಿಗೆ ಕೊಡುವ ಆಸೆ. ಆದರೆ ಬಾಡಿಯ ಎರಡು ಭಾಗ ಅಂಟಿಸಿ, ರೆಕ್ಕೆ ಕೂರಿಸಿ, ಗಾಲಿ ಟೇಪ್ ಮಾಡಿ ನಿಲ್ಲಿಸಿದರೆ ವಿಮಾನ ಹಿಂದಕ್ಕೆ ವಾಲಿ ಬಾಲದ ಮೇಲೆ ಕೂರುತ್ತದೆ. ಮೂಗಿನೊಳಗೆ ನಾನು ಏನೂ ತೂಕ ಹಾಕಿಲ್ಲ. ಎಂಜಿನ್‌ಗಳನ್ನು ಇನ್ನೂ ಅಂಟಿಸಿಲ್ಲ. ಪಕ್ಕದ ಕಿಟಕಿಗಳನ್ನು ಸೂಪರ್ ಗ್ಲೂನಿಂದ ಕೂರಿಸಿದೆ, ಒಳಗಡೆ ಮಂಜು ಕವಿದ ಹಾಗಾಗಿದೆ. ರೆಕ್ಕೆಯ ತಳಕ್ಕೆ ಸಿಲ್ವರ್ ಸ್ಪ್ರೇ ಹೊಡೆದರೆ ಬಿಳಿ ಬಿಳಿ ಮೋಡ ಬಂತು. ಒಬ್ಬ ಸ್ನೇಹಿತ ಕಿಟ್ಟೇ ಸರಿಯಿಲ್ಲ ಅಂತಾನೆ. ಇನ್ನೊಬ್ಬ ಹಿತ್ತಾಳೆಯ ಡೀಟೇಲ್ ಸೆಟ್ (ಬೇರೆಯಾಗಿ ಕೊಂಡು ಅಂಟಿಸುವ ಸೂಕ್ಷ್ಮ ಪಾರ್ಟುಗಳು) ಹಾಕದೆ ಬಾಂಬರ್ ಕಟ್ಟೋದು ದಂಡ ಅಂತಾನೆ, ಅದರ ಬೆಲೆ ಕಿಟ್ಟಿನ ಹತ್ತಿರ ಹತ್ತಿರ ಇದೆ. ನಮ್ಮ ಲಿಬರೇಟರ್‌ಗಳು ಸಿಲ್ವರ್ ಬಣ್ಣದವೋ ಅಥವಾ ಅಮೆರಿಕದ ಹಸಿರು-ಕಂದು ಬಣ್ಣದವೋ ಅನ್ನೋದೂ ಗೊತ್ತಾಗುತ್ತಿಲ್ಲ. ಇದನ್ನು ಉಳಿಸಿಕೊಳ್ಳಬಹುದಾ, ಹೊಸ ಕಿಟ್ ತರಿಸಲಾ?

ಉತ್ತರ: ಹೊಸ ಕಿಟ್ ಬೇಡ. ನೀವು ಬರೆದದ್ದರಲ್ಲಿ ಎಸೆಯುವಂಥದ್ದು ಒಂದೂ ಇಲ್ಲ. ಎಂಜಿನ್ ಇನ್ನೂ ಅಂಟಿಸಿಲ್ಲ ಅಂದಿರಲ್ಲ, ಆ ಒಂದು ಮಾತಲ್ಲೇ ನಿಮ್ಮ ದೊಡ್ಡ ಸಮಸ್ಯೆ ಅರ್ಧ ಮುಗಿಯಿತು. ನೀವು ಐದು ಪ್ರಶ್ನೆ ಕೇಳಿದ್ದೀರಿ, ಆದರೆ ಆತಂಕ ಎರಡೇ ಅನ್ನಿಸುತ್ತದೆ: ಕೈತಪ್ಪಿದ್ದು ಸರಿಹೋಗುತ್ತಾ, ಮತ್ತೆ ಕೊನೆಗೆ ಬರುವುದು ಅಜ್ಜ ಕೆಲಸ ಮಾಡಿದ ವಿಮಾನದ ಹಾಗೇ ಕಾಣುತ್ತಾ. ಮಾಡೆಲ್ ಕಟ್ಟಿಕೊಡುವುದು, ಬೇರೆಯವರು ಅರ್ಧಕ್ಕೆ ಬಿಟ್ಟದ್ದನ್ನು ರಿಪೇರಿ ಮಾಡುವುದು ನನ್ನ ಹೊಟ್ಟೆಪಾಡು, ಹಾಗಾಗಿ ಬಾಲದ ಮೇಲೆ ಕೂತ ಬಾಂಬರ್‌ಗಳನ್ನು ಸಾಕಷ್ಟು ನೋಡಿದ್ದೇನೆ.

ಮೊದಲು ಸ್ನೇಹಿತರ ಮಾತು. ಕಿಟ್ ಸರಿಯಿಲ್ಲ ಅನ್ನೋದು ಸುಳ್ಳು. ಮೂಗಿನ ಕೆಳಗೆ ಗಾಲಿ ಇರುವ ಯಾವ ಬಾಂಬರ್ ಮಾಡೆಲ್ ಆದರೂ, ಯಾವ ಕಂಪನಿಯದಾದರೂ, ಈ ಕಾಟ ಇದ್ದದ್ದೇ. ಕಾರಣ ಸುಲಭ. ನಿಜವಾದ ಲಿಬರೇಟರ್‌ನಲ್ಲಿ ನಾಲ್ಕು ಪ್ರ್ಯಾಟ್ ಅಂಡ್ ವಿಟ್ನಿ ಆರ್-1830 ಎಂಜಿನ್ ಇದ್ದವು, ಒಂದೊಂದಕ್ಕೆ 14 ಸಿಲಿಂಡರ್, ಒಂದೊಂದೂ ಸುಮಾರು 570 ಕೆ.ಜಿ. ಅಂದರೆ ಎರಡು ಟನ್‌ಗಿಂತ ಜಾಸ್ತಿ ಕಬ್ಬಿಣ-ಅಲ್ಯುಮಿನಿಯಂ ರೆಕ್ಕೆಯ ಮುಂದಕ್ಕೆ ಚಾಚಿಕೊಂಡಿತ್ತು, ದೊಡ್ಡ ಗಾಲಿಗಳಿಗಿಂತ ಮುಂದೆ. ನಿಮ್ಮ ಮಾಡೆಲ್ಲಿನ ಎಂಜಿನ್ ಏನು? ಟೊಳ್ಳು ಪ್ಲಾಸ್ಟಿಕ್. ಇತ್ತ ಬಾಲದ ಕಡೆ ಉದ್ದನೆಯ ಬಾಡಿ, ಅಗಲವಾದ ಅಡ್ಡ ರೆಕ್ಕೆ, ನೆಟ್ಟಗೆ ನಿಂತ ಎರಡು ದೊಡ್ಡ ದುಂಡು ಫಿನ್, ಗನ್ ಕೂರಿಸಿದ ತಿರುಗುವ ಗೂಡು ಅಂದರೆ ಟರೆಟ್, ಇವೆಲ್ಲ ಮಾಡೆಲ್ಲಿನಲ್ಲೂ ಪೂರ್ತಿ ಇವೆ. ಪ್ಲಾಸ್ಟಿಕ್ ಎಲ್ಲಿ ಜಾಸ್ತಿ ಹರಡಿದೆಯೋ ಅಲ್ಲಿ ತೂಕ. ಹಾಗಾಗಿ ಹಿಂದಕ್ಕೆ ವಾಲುತ್ತದೆ, ಅಷ್ಟೇ.

ಇನ್ನೊಂದು ಮಾತು, ಅಸಲಿ ವಿಮಾನಕ್ಕೂ ಈ ಚಾಳಿ ಸ್ವಲ್ಪ ಇತ್ತು. ನೆಲದ ಮೇಲೆ ನಿಂತಾಗ ಹಿಂಭಾಗಕ್ಕೆ ಜನ ಹತ್ತಿದರೆ, ಸಾಮಾನು ತುಂಬಿದರೆ ಬಾಲ ಕೆಳಗೆ ಬಂದುಬಿಡುತ್ತಿತ್ತು. ಅದಕ್ಕೇ ಬಾಲದ ಕೆಳಗೆ ಒಂದು ಊರುಗೋಲು ಕೊಟ್ಟು ನಿಲ್ಲಿಸುತ್ತಿದ್ದರು, ಹಳೆಯ ಫೋಟೊಗಳಲ್ಲಿ ಕಾಣುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಉಪಯೋಗಕ್ಕೆ ಬರುತ್ತದೆ.

ಈಗ ಎಷ್ಟು ತೂಕ ಬೇಕು ಅನ್ನುವ ಪ್ರಶ್ನೆ. ಯಾರಾದರೂ 50 ಗ್ರಾಂ, 80 ಗ್ರಾಂ ಅಂತ ಬಾಯಿಗೆ ಬಂದದ್ದು ಹೇಳಿದರೆ ಕೇಳಬೇಡಿ. ತೂಕ ಎಲ್ಲಿಡುತ್ತೀರಿ ಅನ್ನೋದರ ಮೇಲೆ ಎಷ್ಟು ಅನ್ನೋದು ನಿಂತಿದೆ. ದೊಡ್ಡ ಗಾಲಿಯ ಅಚ್ಚಿನಿಂದ 3 ಸೆಂ.ಮೀ. ಮುಂದೆ 60 ಗ್ರಾಂ ಬೇಕಾದರೆ, 9 ಸೆಂ.ಮೀ. ಮುಂದೆ 20 ಗ್ರಾಂ ಸಾಕು. ನೀವೇ ಅಳೆದುಕೊಳ್ಳಿ. ಬಾಲದ ಫಿನ್, ಟರೆಟ್, ಎಂಜಿನ್ ಕವಚ, ಪ್ರೊಪೆಲರ್, ಇನ್ನೂ ಅಂಟಿಸದ ಎಲ್ಲ ಪಾರ್ಟನ್ನೂ ಟೇಪಿನಿಂದ ಅದರದರ ಜಾಗದಲ್ಲಿ ಕಟ್ಟಿ. ದೊಡ್ಡ ಗಾಲಿಗಳ ಅಚ್ಚು ಎಲ್ಲಿ ಬರುತ್ತದೋ ಅದೇ ಗೆರೆಯಲ್ಲಿ, ರೆಕ್ಕೆಯ ಕೆಳಗೆ, ಎರಡೂ ಕಡೆ ಒಂದೊಂದು ಪೆನ್ಸಿಲ್ ಅಡ್ಡ ಇಟ್ಟು ಅದರ ಮೇಲೆ ವಿಮಾನ ಕೂರಿಸಿ. ಬಾಲ ಕೆಳಗಾಗುತ್ತದೆ. ಆಮೇಲೆ ತೂಕ ಇಡಬೇಕೆಂದಿರುವ ಜಾಗದಲ್ಲೇ ಪುಟ್ಟ ಪ್ಲಾಸ್ಟಿಕ್ ಕವರ್ ನೇತುಹಾಕಿ ಅದರೊಳಗೆ ಛರ್ರೆ, ಮೊಳೆ, ಏನಾದರೂ ಹಾಕುತ್ತಾ ಹೋಗಿ. ಮೂಗು ಕೆಳಗೆ ಬಂದ ಕೂಡಲೇ ಆ ಕವರನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಅದಕ್ಕೆ ಐದನೇ ಒಂದು ಪಾಲು ಮೇಲೆ ಸೇರಿಸಿ, ಬಣ್ಣ, ಪುಟ್ಟಿ ಎಲ್ಲ ಸೇರಿ ಹಿಂಭಾಗದ ತೂಕ ಇನ್ನೂ ಸ್ವಲ್ಪ ಏರುತ್ತದೆ. ಅದಕ್ಕಿಂತ ಜಾಸ್ತಿ ಬೇಡ.

ಎಲ್ಲಿಡುವುದು? ನಿಮ್ಮ ಬಾಡಿ ಮುಚ್ಚಿಹೋಗಿದೆ, ಮೂಗಿನ ಮುಂಭಾಗ ಬೇರೆ ಗಾಜು. ಹಾಗಾಗಿ ಮೊದಲು ಎಂಜಿನ್ ಗೂಡುಗಳು. ಅಸಲಿ ವಿಮಾನದಲ್ಲಿ ತೂಕ ಇದ್ದ ಜಾಗವೇ ಅದು. ಮೂಗಿನಷ್ಟು ದೂರ ಇಲ್ಲ ನಿಜ, ಆದರೆ ನಾಲ್ಕು ಗೂಡು ಇವೆ. ಇನ್ನೊಂದು ಲಾಭ, ಆ ತೂಕ ನೇರವಾಗಿ ರೆಕ್ಕೆ ಮತ್ತು ದೊಡ್ಡ ಗಾಲಿಗಳ ಮೇಲೆ ಬೀಳುತ್ತದೆ, ಕಡ್ಡಿಯಂಥ ಮೂಗಿನ ಗಾಲಿಯ ಕಾಲಿಗೆ ಜಾಸ್ತಿ ಹೊರೆ ಆಗುವುದಿಲ್ಲ. ಎಡ ಬಲ ಒಂದೇ ತೂಕ ಇರಲಿ. ಸಿಲಿಂಡರ್ ಮುಖದ ಹಿಂದೆ ಎಲ್ಲಿಯವರೆಗೆ ಜಾಗ ಇದೆಯೋ ನೋಡಿಕೊಂಡು ತುಂಬಿ, ಕವಚ ಕೂರುತ್ತದಾ ಅಂತ ಪ್ರತಿ ಸಲ ಒತ್ತಿ ನೋಡಿ.

ಅಷ್ಟರಲ್ಲಿ ಸರಿಹೋಗದಿದ್ದರೆ ಮೂಗಿನ ಗಾಲಿಯ ಗುಂಡಿಯ ಮೂಲಕ, ಇಲ್ಲವೇ ಮೂಗಿನ ಟರೆಟ್ ಇನ್ನೂ ಕೂರಿಸಿಲ್ಲದಿದ್ದರೆ ಆ ತೂತಿನ ಮೂಲಕ, ಪೈಲಟ್ ಕೂರುವ ನೆಲದ ಅಡಿಗೆ ತೂಕ ತಳ್ಳಬಹುದು. ಇಲ್ಲಿ ಅಪಾಯ ಏನಂದರೆ ಸರಿಯಾಗಿ ಅಂಟದ ಒಂದು ಗುಂಡು ಮುಂದೊಂದು ದಿನ ಬಿಚ್ಚಿಕೊಂಡು ಬಾಡಿಯೊಳಗೆ ಉರುಳಾಡುತ್ತದೆ, ಅಲ್ಲಾಡಿಸಿದರೆ ಗಿಲಗಿಲ ಅನ್ನುತ್ತದೆ. ಅದಕ್ಕೇ ತೂಕವನ್ನು ಎಂ-ಸೀಲ್ ಉಂಡೆಯಲ್ಲಿ ಒತ್ತಿ, ಆ ಉಂಡೆಯನ್ನೇ ಚಿಮಟದಿಂದ ಒಳಗಿಟ್ಟು ಒತ್ತಿಬಿಡಿ. ಬಾಡಿಯ ಜೋಡಣೆಯನ್ನು ಮತ್ತೆ ಸೀಳುವುದು ಕೊನೆಯ ದಾರಿ. ಮಾಡೆಲ್ ಅಂಟಿಸುವ ದ್ರವ ಸಿಮೆಂಟ್ ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುತ್ತದೆ, ಸೀಳಿದರೆ ಜೋಡಣೆಯ ಗೆರೆಯಲ್ಲೇ ಬಿಡುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಸಿಲ್ವರ್ ಬಣ್ಣದ ಕೆಳಗೆ ಆ ಗಾಯ ಮುಚ್ಚುವುದು ಬಲು ಕಷ್ಟ.

ಯಾವ ತೂಕ? ಮೀನು ಹಿಡಿಯುವವರ ಗಾಳಕ್ಕೆ ಕಟ್ಟುವ ಸೀಸದ ಗುಂಡು ನಿಮ್ಮೂರಲ್ಲಿ ಧಾರಾಳ ಸಿಗುತ್ತದೆ. ಸೈಕಲ್ ಅಂಗಡಿಯ ಬೇರಿಂಗ್ ಛರ್ರೆಯೂ ಆಗುತ್ತದೆ, ಆದರೆ ಅದೇ ತೂಕಕ್ಕೆ ಜಾಸ್ತಿ ಜಾಗ ತಿನ್ನುತ್ತದೆ. ಸೀಸ ಬಳಸಿದರೆ ಎರಡು ಎಚ್ಚರ. ಉಜ್ಜಬೇಡಿ, ಕತ್ತರಿಸಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಊಟದ ಟೇಬಲ್ ಮೇಲೆ ಈ ಕೆಲಸ ಬೇಡ. ಎರಡನೆಯದು ತುಂಬ ಜನಕ್ಕೆ ಗೊತ್ತಿಲ್ಲ: ಸೀಸವನ್ನು ಬಿಳಿ ಫೆವಿಕಾಲ್‌ನಲ್ಲಿ ಮುಳುಗಿಸಿ ಮುಚ್ಚಿದ ಬಾಡಿಯೊಳಗೆ ಇಟ್ಟರೆ ವರ್ಷಗಳು ಕಳೆದಂತೆ ಸೀಸದ ಮೇಲೆ ಬಿಳಿ ಪುಡಿ ಬೆಳೆದು ಉಬ್ಬುತ್ತದೆ, ಆ ಉಬ್ಬು ಮಾಡೆಲ್ಲಿನ ಜೋಡಣೆಯನ್ನೇ ಬಿಚ್ಚಿಸಿದ ಉದಾಹರಣೆಗಳಿವೆ. ನಿಮ್ಮ ಕರಾವಳಿ ಹವೆಗೆ ಇದು ಇನ್ನೂ ಬೇಡ. ಅರಾಲ್ಡೈಟ್ ಅಥವಾ ಎಂ-ಸೀಲ್ ಬಳಸಿ. ಅರಾಲ್ಡೈಟ್ ಒಂದೇ ಸಲ ಜಾಸ್ತಿ ಸುರಿಯಬೇಡಿ, ಗಟ್ಟಿಯಾಗುವಾಗ ಬಿಸಿಯಾಗಿ ತೆಳು ಪ್ಲಾಸ್ಟಿಕ್ ಸೊಟ್ಟಗಾಗಬಹುದು.

ತೂಕವೇ ಬೇಡ ಅನ್ನುವ ದಾರಿಗಳೂ ಇವೆ, ನಾಚಿಕೆ ಪಡಬೇಕಾದ್ದಿಲ್ಲ. ಆಗಲೇ ಹೇಳಿದ ಊರುಗೋಲನ್ನೇ ಮಾಡಿ ಬಾಲದ ಕೆಳಗೆ ಕೊಡಿ, ಅದು ಚರಿತ್ರೆಗೆ ಸರಿಯಾದದ್ದೇ. ಅಥವಾ ಮರದ ಹಲಗೆಗೆ ಸಣ್ಣ ತೂತು ಕೊರೆದು, ಗಾಲಿಯೊಳಗೆ ಗುಂಡುಪಿನ್ ಕೂರಿಸಿ, ಹಲಗೆಗೆ ಶಾಶ್ವತವಾಗಿ ನಿಲ್ಲಿಸಿ. ಉಡುಗೊರೆ ಕೊಡುವ ಮಾಡೆಲ್‌ಗೆ ನಾನಂತೂ ಇದನ್ನೇ ಮಾಡುತ್ತೇನೆ, ಯಾಕಂದರೆ ತೆಗೆದುಕೊಂಡವರು ಹಲಗೆ ಹಿಡಿದು ಎತ್ತುತ್ತಾರೆ, ರೆಕ್ಕೆ ಹಿಡಿದು ಎತ್ತುವುದಿಲ್ಲ. ಲಿಬರೇಟರ್‌ನ ದೊಡ್ಡ ಗಾಲಿಗಳ ಕಾಲು ಉದ್ದ, ಒಂಟಿ ಕಂಬ. ಒಳಗೆ ಸೀಸ ತುಂಬಿ ತುಂಬಿ ಇಟ್ಟರೆ ಒಂದೆರಡು ಬೇಸಿಗೆಯಲ್ಲಿ ಕಾಲು ಹೊರಗೆ ಬಾಗಲು ಶುರುವಾಗುತ್ತದೆ. ಗಾಲಿ ಮಡಚಿ, ಸ್ಟ್ಯಾಂಡಿನ ಮೇಲೆ ಹಾರುವ ಭಂಗಿಯಲ್ಲೂ ನಿಲ್ಲಿಸಬಹುದು, ಆದರೆ ಆಗ ಪೈಲಟ್ ಸೀಟು ಖಾಲಿ ಇದ್ದರೆ ಕಣ್ಣಿಗೆ ಹೊಡೆಯುತ್ತದೆ.

ಕಿಟಕಿಗೆ ಬರೋಣ. ಸೂಪರ್ ಗ್ಲೂ ಒಣಗುವಾಗ ಅದರ ಆವಿ ಹತ್ತಿರದ ಗಾಜಿನ ಮೇಲೆ, ಅದರಲ್ಲೂ ಬೆರಳಚ್ಚು ಇರುವ ಕಡೆ, ಗಾಳಿಯ ತೇವದ ಜೊತೆ ಸೇರಿ ಬಿಳಿ ಪೊರೆಯಾಗಿ ಗಟ್ಟಿಯಾಗುತ್ತದೆ. ಗಾಜು ಸುಟ್ಟಿಲ್ಲ, ಮೇಲೆ ಪೊರೆ ಕೂತಿದೆ ಅಷ್ಟೆ. ಹೊರಗಡೆ ಆಗಿದ್ದರೆ ಟೂತ್‌ಪೇಸ್ಟ್ ಹಚ್ಚಿ ಹತ್ತಿಯಿಂದ ಮೆಲ್ಲಗೆ ಉಜ್ಜಿದರೆ ಹೋಗುತ್ತದೆ, ಮೇಲೆ ಒಂದು ಕೋಟ್ ನೀರಿನ ಅಕ್ರಿಲಿಕ್ ಹೊಳಪು ವಾರ್ನಿಷ್ ಕೊಟ್ಟರೆ ಫಳಫಳ. ನಿಮ್ಮದು ಒಳಗಡೆ, ಬಾಡಿ ಮುಚ್ಚಿದೆ, ಕೈ ಹೋಗುವುದಿಲ್ಲ. ಹಾಗಾಗಿ ಆ ಗಾಜನ್ನು ಹೊರಗಿನಿಂದಲೇ ತೆಗೆಯಬೇಕು. ನಡುವೆ ಸಣ್ಣ ತೂತು ಕೊರೆದು, ಅಂಚಿನ ಕಡೆಗೆ ಸ್ವಲ್ಪ ಸ್ವಲ್ಪ ಕತ್ತರಿಸಿ ಬಿಡಿಸಿ. ಚೂರು ಒಳಗೆ ಬಿದ್ದರೆ ಬೀಳಲಿ, ಬೇರೆ ತೂತಿನಿಂದ ಅಲ್ಲಾಡಿಸಿ ತೆಗೆಯಬಹುದು. ಆ ಜಾಗಕ್ಕೆ ಶರ್ಟ್ ಪ್ಯಾಕಿನ ಪಾರದರ್ಶಕ ಹಾಳೆಯನ್ನು ಅಳತೆಗೆ ಕತ್ತರಿಸಿ ಹೊರಗಿನಿಂದ ಕೂರಿಸಿ, ಅಂಟಿಗೆ ಬಿಳಿ ಫೆವಿಕಾಲ್ ಸಾಕು, ಒಣಗಿದರೆ ಪಾರದರ್ಶಕ, ಹೊರಗೆ ಬಂದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಪುಟ್ಟ ಕಿಟಕಿಗಳಿಗಾದರೆ ಹಾಳೆಯೂ ಬೇಡ, ಕಡ್ಡಿಯಿಂದ ಫೆವಿಕಾಲ್ ಎಳೆದು ತೂತಿಗೆ ಪೊರೆ ಕಟ್ಟಿದರೆ ಅದೇ ಗಾಜು. ಇನ್ನೂ ಕೂರಿಸಬೇಕಾದ ಕಾಕ್‌ಪಿಟ್ ಗಾಜಿಗೂ ಫೆವಿಕಾಲ್‌ನದೇ ರೀತಿಯ ಬಿಳಿ ಅಂಟು. ಸೂಪರ್ ಗ್ಲೂ ಬಾಟಲಿಯನ್ನು ಅವತ್ತು ಬೇರೆ ಕೋಣೆಯಲ್ಲಿಡಿ.

ಬಿಳಿ ಮೋಡ ನಿಮ್ಮ ತಪ್ಪಲ್ಲ, ಮಂಗಳೂರಿನ ಮಳೆಗಾಲದ್ದು. ಸ್ಪ್ರೇ ಕ್ಯಾನಿನ ದ್ರಾವಕ ಬೇಗ ಬೇಗ ಆರುತ್ತದೆ, ಆರುವಾಗ ಆ ಜಾಗ ತಣ್ಣಗಾಗುತ್ತದೆ, ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಆ ತಂಪಿಗೆ ನೀರು ಹನಿಗಟ್ಟಿ ಬಣ್ಣದೊಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಅದೇ ಮೋಡ. ಮಳೆ ಬಿಟ್ಟ ಒಣ ದಿನ, ಇಲ್ಲವೇ ಎಸಿ ಒಂದು ಗಂಟೆ ಓಡಿದ ಕೋಣೆಯಲ್ಲಿ, ಕಿಟಕಿ ಬಾಗಿಲ ಹತ್ತಿರ, ತೆಳುವಾಗಿ ಇನ್ನೊಂದು ಕೋಟ್ ಕೊಡಿ. ಎಷ್ಟೋ ಸಲ ಹೊಸ ದ್ರಾವಕ ಹಳೆಯ ಪದರವನ್ನು ಕರಗಿಸಿ ಮೋಡ ಬಿಟ್ಟುಹೋಗುತ್ತದೆ. ಹೋಗದಿದ್ದರೆ ನೀರು ಹಾಕಿ ಉಜ್ಜುವ 1000 ನಂಬರ್ ಮರಳು ಕಾಗದದಿಂದ ಉಜ್ಜಿ ಮತ್ತೆ ಶುರು ಮಾಡಿ. ಒಂದನ್ನು ಮಾತ್ರ ದಯವಿಟ್ಟು ಮಾಡಬೇಡಿ: ಪೇಂಟ್ ಅಂಗಡಿಯ ಎನ್‌ಸಿ ಥಿನ್ನರ್‌ನಲ್ಲಿ ಒರೆಸಿದರೆ ಬಣ್ಣ ಹೋಗುತ್ತದೆ ಅಂತ ಯಾರೋ ಹೇಳುತ್ತಾರೆ. ಬಣ್ಣದ ಜೊತೆ ಪ್ಲಾಸ್ಟಿಕ್ಕೂ ಹೋಗುತ್ತದೆ. ಲೋಹದ ಹಾಳೆಗಳ ಸಂದು ತೋರಿಸುವ ಪ್ಯಾನೆಲ್ ಗೆರೆಗಳೆಲ್ಲ ಬೆಣ್ಣೆಯ ಹಾಗೆ ಕರಗಿದ ರೆಕ್ಕೆಗಳು ನನ್ನ ಹತ್ತಿರ ರಿಪೇರಿಗೆ ಬಂದಿವೆ, ಅವಕ್ಕೆ ಮದ್ದಿಲ್ಲ. ಮತ್ತೆ ಸ್ಪ್ರೇ ಮಾಡುವಾಗ ಬಟ್ಟೆ ಮಾಸ್ಕ್ ಸಾಲದು, ದ್ರಾವಕದ ಆವಿ ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕ್ ಹಾಕಿ.

ಇನ್ನು ನನಗೂ ಇಷ್ಟವಾದ ವಿಷಯ, ಬಣ್ಣ. ಇದಕ್ಕೆ ಸ್ವಲ್ಪ ಹಿಂದಿನ ಕಥೆ ಗೊತ್ತಿರಬೇಕು, ನಿಮ್ಮ ಅಪ್ಪನಿಗೆ ಗೊತ್ತಿರಬಹುದು. 1940ರ ಡಿಸೆಂಬರ್‌ನಲ್ಲಿ ವಾಲಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಶುರು ಮಾಡಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ, ಅಂದರೆ ಇದೇ ಎಚ್‌ಎಎಲ್, ಯುದ್ಧದ ಕಾಲದಲ್ಲಿ ಅಮೆರಿಕದ ವಾಯುಸೇನೆಯ ದೊಡ್ಡ ರಿಪೇರಿ ಕೇಂದ್ರವೇ ಆಗಿಬಿಟ್ಟಿತ್ತು. ನೀರಿನ ಮೇಲಿಳಿಯುವ ಕ್ಯಾಟಲೀನಾ ವಿಮಾನಗಳು ರಿಪೇರಿಗಾಗಿ ಬೆಳ್ಳಂದೂರು ಕೆರೆಗೆ ಬರುತ್ತಿದ್ದವು, ಈಗಿನ ಕೆರೆ ನೋಡಿದವರು ನಂಬುವುದಿಲ್ಲ ಬಿಡಿ. ಇತ್ತ ಬ್ರಿಟಿಷ್ ವಾಯುಪಡೆ ಅಮೆರಿಕದಿಂದ ಲೆಂಡ್-ಲೀಸ್ ಅನ್ನುವ ಯುದ್ಧಕಾಲದ ನೆರವಿನ ಒಪ್ಪಂದದಲ್ಲಿ ತಂದ ಲಿಬರೇಟರ್‌ಗಳನ್ನು ಯುದ್ಧ ಮುಗಿದ ಮೇಲೆ ಕಾನ್ಪುರದ ಚಕೇರಿಯಲ್ಲಿ ಸಾಲಾಗಿ ನಿಲ್ಲಿಸಿ, ಯಾರೂ ಹಾರಿಸಬಾರದೆಂದು ಬೇಕಂತಲೇ ಕೆಡಿಸಿ ಬಿಟ್ಟುಹೋಗಿತ್ತು. 1948ರಲ್ಲಿ ನಮ್ಮ ವಾಯುಪಡೆಗೆ ಭಾರಿ ಬಾಂಬರ್ ಬೇಕಾದಾಗ ಎಚ್‌ಎಎಲ್‌ನವರು ಅಲ್ಲಿಗೆ ಹೋದರು. ಒಂದರ ಪಾರ್ಟು ಇನ್ನೊಂದಕ್ಕೆ ಹಾಕಿ, ಬೆಂಗಳೂರಿನವರೆಗೆ ಹಾರುವಷ್ಟು ಸರಿ ಮಾಡಿದರು. ಹಾರಿಸಿ ತಂದವರು ಎಚ್‌ಎಎಲ್ ಪೈಲಟ್ ಜಿಮ್ಮಿ ಮುನ್ಶಿ. ಬೆಂಗಳೂರಿನಲ್ಲಿ ಪೂರ್ತಿ ಬಿಚ್ಚಿ ಜೋಡಿಸಿ, ನಲವತ್ತಕ್ಕೂ ಹೆಚ್ಚು ವಿಮಾನಗಳನ್ನು ವಾಯುಪಡೆಗೆ ಕೊಟ್ಟರು. ನಿಮ್ಮಜ್ಜನಂಥ ಫಿಟ್ಟರ್‌ಗಳ ಕೆಲಸ ಅಂದರೆ ಇದು. 1948ರ ನವೆಂಬರ್‌ನಲ್ಲಿ 5ನೇ ಸ್ಕ್ವಾಡ್ರನ್ ಇವುಗಳಿಂದಲೇ ಶುರುವಾಯಿತು, ಮುಂದೆ 6ನೇ ಸ್ಕ್ವಾಡ್ರನ್ 1968ರ ಕೊನೆಯವರೆಗೂ ಇವನ್ನು ಸಮುದ್ರದ ಕಾವಲಿಗೆ ಹಾರಿಸಿತು.

ಈಗ ಉತ್ತರ: ನಮ್ಮ ಲಿಬರೇಟರ್‌ಗಳ ಸಿಗುವ ಫೋಟೊಗಳಲ್ಲಿ ಜಾಸ್ತಿ ಕಾಣುವುದು ಬಣ್ಣ ಹಚ್ಚದ ಅಲ್ಯುಮಿನಿಯಂ ಮೈ. ಅಮೆರಿಕದವರು 1944ರಿಂದಲೇ ಕಾರ್ಖಾನೆಯಲ್ಲಿ ಹಸಿರು ಬಣ್ಣ ಹಚ್ಚುವುದನ್ನು ನಿಲ್ಲಿಸಿದ್ದರು. ಆದರೆ ಹೊಸ ಸ್ಟೀಲ್ ಪಾತ್ರೆಯ ಹೊಳಪು ಬೇಡ. ಎರಡು ವರ್ಷ ಬಿಸಿಲು ಮಳೆಗೆ ಬಿದ್ದು, ಬೇರೆ ಬೇರೆ ವಿಮಾನದ ಪಾರ್ಟು ಸೇರಿದ ಮೈ ಅದು, ಒಂದು ಪ್ಯಾನೆಲ್ ತಿಳಿ, ಪಕ್ಕದ್ದು ಮಾಸಲು. ಇನ್ನೊಂದು ಸೂಕ್ಷ್ಮ: ಲಿಬರೇಟರ್‌ನ ಏಲೆರಾನ್, ಎಲಿವೇಟರ್, ರಡ್ಡರ್‌ಗಳಿಗೆ (ರೆಕ್ಕೆ ಮತ್ತು ಬಾಲದ ಹಿಂದಂಚಿನಲ್ಲಿ ಅಲ್ಲಾಡುವ ಭಾಗಗಳಿಗೆ) ಲೋಹದ ಹಾಳೆ ಇರಲಿಲ್ಲ, ಬಟ್ಟೆ ಹೊದಿಸಿ ಅದನ್ನು ಬಿಗಿ ಮಾಡುವ ಸಿಲ್ವರ್ ಡೋಪ್ ಬಣ್ಣ ಬಳಿದಿರುತ್ತಿದ್ದರು. ಅವು ಹೊಳೆಯುವುದಿಲ್ಲ, ಬೂದಿ ಮಿಶ್ರಿತ ಸಿಲ್ವರ್ ಆಗಿ ಬೇರೆಯೇ ಕಾಣುತ್ತವೆ. ಇದೊಂದನ್ನು ಸರಿ ಮಾಡಿದರೆ ನೂರಾರು ರೂಪಾಯಿಯ ಹಿತ್ತಾಳೆಗಿಂತ ನಿಮ್ಮ ಮಾಡೆಲ್ ಅಸಲಿಯ ಹತ್ತಿರ ಬರುತ್ತದೆ, ಖರ್ಚು ಮಾಸ್ಕಿಂಗ್ ಟೇಪಿನದು ಮಾತ್ರ.

ಫೋಟೊ ನೋಡುವಾಗ ಒಂದು ಎಚ್ಚರ. ನಮ್ಮಲ್ಲಿ ನಿವೃತ್ತವಾದ ಲಿಬರೇಟರ್‌ಗಳು ಈಗ ಬ್ರಿಟನ್ನಿನ ಆರ್‌ಎಎಫ್ ಮ್ಯೂಸಿಯಂ, ಅಮೆರಿಕದ ಅರಿಝೋನಾದ ಪೀಮಾ ಮ್ಯೂಸಿಯಂ, ಕೆನಡಾದ ಒಟ್ಟಾವಾ, ಹೀಗೆ ಹಲವು ಕಡೆ ಇವೆ, ದೆಹಲಿಯ ಪಾಲಂ ಮ್ಯೂಸಿಯಂನಲ್ಲೂ ಒಂದು ಉಳಿದಿದೆ. ಜಗತ್ತಿನಲ್ಲಿ ಹದಿನೆಂಟು ಸಾವಿರಕ್ಕೂ ಮಿಕ್ಕಿ ತಯಾರಾದ ವಿಮಾನದಲ್ಲಿ ಈಗ ಉಳಿದ ಕೆಲವೇ ಕೆಲವಲ್ಲಿ ಇಷ್ಟು ಬೆಂಗಳೂರಿನ ಕೈ ದಾಟಿ ಹೋದವು, ಸಣ್ಣ ಮಾತಲ್ಲ. ಗಾಲಿ, ಟರೆಟ್, ಒಳಭಾಗ ನೋಡಲು ಈ ಮ್ಯೂಸಿಯಂ ಫೋಟೊ ಬಹಳ ಒಳ್ಳೆಯದು. ಆದರೆ ಹೊರದೇಶದವರು ಅವಕ್ಕೆ ತಮ್ಮ ಬಣ್ಣ, ತಮ್ಮ ಗುರುತು ಹಾಕಿಕೊಂಡಿದ್ದಾರೆ. ಬಣ್ಣಕ್ಕೆ ಅವನ್ನು ನಂಬಬೇಡಿ, ಆ ಕಾಲದ ಕಪ್ಪು-ಬಿಳುಪು ಫೋಟೊ ನಂಬಿ. ಮೊದಲು ಒಂದೇ ಒಂದು ವಿಮಾನ ಆರಿಸಿ, ಬಾಡಿಯ ಮೇಲೆ ಎಚ್‌ಇ ಅಕ್ಷರದಿಂದ ಶುರುವಾಗುವ ನಂಬರ್ ಇರುತ್ತದೆ. ಆ ನಂಬರಿನ ವಿಮಾನದ ಹೊಟ್ಟೆಯಲ್ಲಿ ಚೆಂಡಿನಾಕಾರದ ಬಾಲ್ ಟರೆಟ್ ಇತ್ತಾ, ಯಾವ ಟರೆಟ್ ಇತ್ತು, ಪಕ್ಕದ ಕಿಟಕಿ ಹೇಗಿತ್ತು ಅಂತ ನೋಡಿ. ಬ್ರಿಟಿಷರು ಬಳಸಿದ ಎಷ್ಟೋ ಲಿಬರೇಟರ್‌ಗಳಲ್ಲಿ ಬಾಲ್ ಟರೆಟ್ ಜಾಗದಲ್ಲಿ ರಾಡಾರ್ ಇತ್ತು. ಹಾಗಾಗಿ ಕಿಟ್ಟಿನಲ್ಲಿ ಪಾರ್ಟ್ ಇದೆ ಅಂತ ಸುಮ್ನೆ ಅಂಟಿಸಬೇಡಿ.

ಗುರುತಿನ ವಿಷಯ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಕೆಲಕಾಲ ನಮ್ಮ ವಿಮಾನಗಳಿಗೆ ಬಿಳಿಯ ಮೇಲೆ ನೀಲಿ ಅಶೋಕ ಚಕ್ರ ಇತ್ತು, ಆಮೇಲೆ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರಿನ ವೃತ್ತ ಬಂತು. ನಿಮ್ಮ ಫೋಟೊದಲ್ಲಿ ಯಾವುದಿದೆಯೋ ಅದು. ರೆಡಿ ಡಿಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಗುರುತಿನ ತೆಳು ಪೊರೆ) ಸಿಗದಿದ್ದರೆ ಮನೆಯಲ್ಲೇ ಡಿಕಾಲ್ ಪೇಪರ್ ಮೇಲೆ ಪ್ರಿಂಟ್ ಹಾಕಬಹುದು, ಆದರೆ ಇಲ್ಲೇ ಎಲ್ಲರೂ ಎಡವುವುದು. ಮನೆಯ ಪ್ರಿಂಟರ್‌ಗೆ ಬಿಳಿ ಬಣ್ಣ ಗೊತ್ತಿಲ್ಲ. ಪಾರದರ್ಶಕ ಪೇಪರ್ ಮೇಲೆ ಹಾಕಿದರೆ ಬಿಳಿ ಉಂಗುರ ಇರಬೇಕಾದ ಕಡೆ ಸಿಲ್ವರ್ ಕಾಣುತ್ತದೆ, ಕೇಸರಿಯೂ ಮಂಕಾಗುತ್ತದೆ. ಮೊದಲು ವೃತ್ತ ಕತ್ತರಿಸಿದ ಟೇಪಿನಿಂದ ಮರೆ ಮಾಡಿ ಬಿಳಿ ಬಿಲ್ಲೆ ಬಳಿದುಕೊಳ್ಳಿ, ಪ್ರಿಂಟಿಗಿಂತ ಕೂದಲೆಳೆಯಷ್ಟು ಚಿಕ್ಕದಾಗಿ, ಅದರ ಮೇಲೆ ಡಿಕಾಲ್ ಕೂರಿಸಿ. ಇಂಕ್‌ಜೆಟ್ ಪ್ರಿಂಟ್ ಆದರೆ ನೀರಿಗೆ ಹಾಕುವ ಮೊದಲು ವಾರ್ನಿಷ್ ಹೊಡೆಯಲೇಬೇಕು, ಇಲ್ಲದಿದ್ದರೆ ಶಾಯಿ ಹರಡುತ್ತದೆ. ಡಿಕಾಲ್ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಗೆ ಮಿನುಗುವುದು ತಪ್ಪಬೇಕಾದರೆ ನುಣುಪಾದ ಹೊಳಪು ವಾರ್ನಿಷ್ ಕೋಟಿನ ಮೇಲೆ ಮಾತ್ರ ಅಂಟಿಸಿ.

ಕೊನೆಗೆ ಆ ಹಿತ್ತಾಳೆ ಸೆಟ್. ಬಾಡಿ ಮುಚ್ಚಿಯಾಗಿದೆ, ಒಳಗಿನ ಅರ್ಧ ಪಾರ್ಟುಗಳನ್ನು ಹಾಕಲಿಕ್ಕೇ ಆಗುವುದಿಲ್ಲ, ಕೊಳ್ಳಬೇಡಿ. ತೆರೆದಿದ್ದರೂ ಇದನ್ನೇ ಹೇಳುತ್ತಿದ್ದೆ. 1/72ರಲ್ಲಿ ಲಿಬರೇಟರ್ ರೆಕ್ಕೆ ತುದಿಯಿಂದ ತುದಿಗೆ ಸುಮಾರು 46.5 ಸೆಂ.ಮೀ., ದೊಡ್ಡ ಮಾಡೆಲ್ಲೇ, ಆದರೆ ಒಳಗೆ ಕಾಣುವುದು ಕಾಕ್‌ಪಿಟ್ಟಿನ ಮೇಲ್ಭಾಗ, ಮೂಗಿನ ಗಾಜು, ತೆರೆದಿಟ್ಟರೆ ಬಾಂಬ್ ಬೇ ಅಂದರೆ ಹೊಟ್ಟೆಯಲ್ಲಿ ಬಾಂಬ್ ಇಡುವ ಜಾಗ, ಇಷ್ಟೇ. ಸೀಟಿಗೆ ತೆಳು ಟೇಪಿನ ಬೆಲ್ಟ್ ಅಂಟಿಸಿ, ಅದು ಕಾಣುತ್ತದೆ. ಡೀಟೇಲ್ ಮಾಡುವ ಆಸೆ ಇದ್ದರೆ ಬಾಂಬ್ ಬೇ ಬಾಗಿಲು ತೆರೆದು ತೋರಿಸಿ. ಲಿಬರೇಟರ್ ಬಾಗಿಲು ಬೇರೆ ಬಾಂಬರ್‌ಗಳ ಹಾಗೆ ಕೆಳಗೆ ತೂಗುವುದಿಲ್ಲ, ಅಂಗಡಿಯ ರೋಲಿಂಗ್ ಶಟರ್ ಹಾಗೆ ಬಾಡಿಯ ಪಕ್ಕಕ್ಕೆ ಮೇಲಕ್ಕೆ ಜಾರುತ್ತದೆ. ತೆರೆದರೆ ನಡುವೆ ಒಂಬತ್ತು ಇಂಚು ಅಗಲದ ನಡೆದಾಡುವ ಪಟ್ಟಿ, ನಿಮ್ಮ ಅಳತೆಯಲ್ಲಿ 3 ಮಿ.ಮೀ. ಚಿಲ್ಲರೆ, ಪ್ಲಾಸ್ಟಿಕ್ ಕಡ್ಡಿಯಲ್ಲೇ ಮಾಡಬಹುದು. ಒಳಗೆಲ್ಲ ಹಸಿರು ಬಳಿಯಬೇಕು ಅನ್ನೋದೂ ತಪ್ಪು, ಹಸಿರು ಕಾಕ್‌ಪಿಟ್ ಕಡೆಗೆ. ಬಾಂಬ್ ಬೇ, ಹಿಂಭಾಗ ಜಾಸ್ತಿ ವಿಮಾನಗಳಲ್ಲಿ ಬರೀ ಅಲ್ಯುಮಿನಿಯಂ. ಪ್ಯಾನೆಲ್ ಗೆರೆಗಳಿಗೆ ಕಪ್ಪು ಬಣ್ಣ ತುಂಬುವ ಚಟವನ್ನೂ ಸ್ವಲ್ಪ ತಡೆದುಕೊಳ್ಳಿ. ಮಾಡೆಲ್ಲಿನ 0.2 ಮಿ.ಮೀ. ಗೆರೆ ಅಂದರೆ ಅಸಲಿಯಲ್ಲಿ ಒಂದೂವರೆ ಸೆಂಟಿಮೀಟರ್ ಸಂದು, ಅಂಥ ಸಂದು ಇದ್ದರೆ ಆ ವಿಮಾನ ಹತ್ತುವವರು ಯಾರು? ಬೂದಿ ಬಣ್ಣ, ಅದೂ ಏಲೆರಾನ್ ಮತ್ತು ಫ್ಲ್ಯಾಪಿನ ಸಂದಿಗೆ ಮಾತ್ರ ಸ್ವಲ್ಪ ಗಾಢ, ಸಾಕು.

ಕೆಲಸ ಹೀಗೆ ನಡೆಯಲಿ: ಈ ವಾರ ತೂಕ ಅಳೆದು ಎಂಜಿನ್ ಗೂಡು ತುಂಬಿ. ಕಿಟಕಿ ಮುಂದಿನ ವಾರ. ಸಿಲ್ವರ್ ಮಾತ್ರ ಮಳೆ ಪೂರ್ತಿ ಬಿಟ್ಟ ಮೇಲೆ, ನವೆಂಬರ್ ಆದರೂ ಪರವಾಗಿಲ್ಲ. ಅಷ್ಟರಲ್ಲಿ ಬಡಗಿಯ ಹತ್ತಿರ ಹಲಗೆ, ಮೇಲೆ ಅಕ್ರಿಲಿಕ್ ಡಬ್ಬಿ ಮಾಡಿಸಿ, ಒಳ ಅಳತೆ 52 ಸೆಂ.ಮೀ. ಅಗಲ, 34 ಸೆಂ.ಮೀ. ಉದ್ದ ಇದ್ದರೆ ರೆಕ್ಕೆಯ ತುದಿಗೆ ಬೆರಳು ಹೋಗುವಷ್ಟು ಜಾಗ ಉಳಿಯುತ್ತದೆ. ಡಬ್ಬಿಯ ಮೂಲೆಯಲ್ಲಿ ಸಿಲಿಕಾ ಜೆಲ್ ಪ್ಯಾಕೆಟ್ ಇಡಿ, ಪ್ರತಿ ಜೂನ್‌ನಲ್ಲಿ ಬದಲಿಸಿ. ನಿಮ್ಮ ಕಡೆ ಡಿಕಾಲ್ ಮೇಲೆ ಬೂಷ್ಟು ಬರುವುದಕ್ಕೆ ಒಂದು ಮಳೆಗಾಲ ಸಾಕು.